ಬೆಳ್ಳಕ್ಕಿಗೆ ಕಾಯುವ ಪುಟ

ಒಂಬತ್ತು ಶಾಲೆ, ಒಂಬತ್ತು ಫಾರಂ. ಒಂಬತ್ತರಲ್ಲೂ ಆರನೇ ಸಾಲಿನ ಎದುರು ನಾನು ಬರೆದಿದ್ದು ಒಂದೇ ಅಂಕಿ, ಸೊನ್ನೆ. ಎಷ್ಟು ದುಂಡಗಿನ ಸೊನ್ನೆ ಅಂದರೆ, ನನ್ನ ಹಳೇ ಗಣಿತದ ಮೇಷ್ಟ್ರು ನೋಡಿದ್ದಿದ್ದರೆ "ಇದೊಂದನ್ನಾದ್ರೂ ನೆಟ್ಟಗೆ ಕಲಿತ್ಯಲ್ಲೋ" ಅಂತಿದ್ದರು.

ಆರನೇ ಸಾಲು ಒಂದು ಎಮ್ಮೆ, ಒಂದು ಬೆಳ್ಳಕ್ಕಿ ಇರುವ ಚಿತ್ರಪುಸ್ತಕದ್ದು.

ನಮ್ಮ ಸಂಸ್ಥೆ ಸರ್ಕಾರಿ ಶಾಲೆಗಳ ಚಿಕ್ಕ ಮಕ್ಕಳಿಗೆ ಪುಸ್ತಕದ ಪೆಟ್ಟಿಗೆ ಕೊಡುತ್ತದೆ. ಹೊಸ ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಅದನ್ನು ಮಕ್ಕಳ ಮುಂದೆ ಓದಿ ನೋಡಬೇಕು. ಆ ಸಲ ಆರು ಪುಸ್ತಕ ಇದ್ದವು, ಅಚ್ಚಿಗೆ ಹೋಗುವುದು ನಾಲ್ಕು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ತಾಲ್ಲೂಕಿಗೆ ಮೂರು ಶಾಲೆ. ಒಂದು ಶಾಲೆಗೆ ಒಂದು ದಿನ. ಬೆಳಗ್ಗೆ ಮೂರು ಓದು, ಊಟ ಆದ ಮೇಲೆ ಮೂರು. ಕೊನೆಗೆ ಆರನ್ನೂ ಚಾಪೆ ಮೇಲೆ ಹರಡಿ, ಒಂದೊಂದನ್ನೇ ತೋರಿಸಿ "ಇದನ್ನ ಮತ್ತೆ ಓದ್ಲಾ?" ಅಂತ ಕೇಳಬೇಕು. ಎದ್ದ ಕೈ ಎಣಿಸಿ ಫಾರಂ ತುಂಬಬೇಕು. ಕೈಲಿರುವುದು ಡಮ್ಮಿ ಪ್ರತಿ, ಅಂದರೆ ಕಲರ್ ಪ್ರಿಂಟ್ ತೆಗೆಸಿ ನಡುವೆ ಎರಡು ಪಿನ್ ಹೊಡೆದದ್ದು.

ಈ ಕೆಲಸಕ್ಕೆ ನನ್ನನ್ನು ತೆಗೆದುಕೊಂಡಿದ್ದೇ ಮಿಮಿಕ್ರಿ ಮಾಡುತ್ತೇನೆ ಅಂತ. ಇಂಟರ್‌ವ್ಯೂನಲ್ಲಿ ಸಂಸ್ಥೆಯ ಮೇಡಂ ಎದುರಿಗೆ ಅವರದ್ದೇ ದನಿ ತೆಗೆದೆ. ಅವರು ಮಾತು ಶುರು ಮಾಡುವುದೇ "ಒಂದ್ನಿಮಿಷ, ಒಂದ್ನಿಮಿಷ" ಅಂತ. ನಾನೂ ಹಾಗೇ ಅಂದೆ. ಆರು ತಿಂಗಳ ಮಟ್ಟಿಗೆ ಕೆಲಸ ಕೊಟ್ಟರು.

ಎಮ್ಮೆ ಪುಸ್ತಕದ ಕಥೆ ಹೇಳಿಬಿಡುತ್ತೇನೆ, ಹೊತ್ತು ಹಿಡಿಯುವುದಿಲ್ಲ. ಎಮ್ಮೆ ಕೆರೆಯಲ್ಲಿ ಮಲಗಿರುತ್ತದೆ. ದಿನಾ ಬೆಳಗ್ಗೆ ಬೆಳ್ಳಕ್ಕಿ ಬಂದು ಬೆನ್ನ ಮೇಲೆ ಕೂರುತ್ತದೆ. "ಬಂದ್ಯಾ?" ಅನ್ನುತ್ತದೆ ಎಮ್ಮೆ. "ಬಂದೆ" ಅನ್ನುತ್ತದೆ ಬೆಳ್ಳಕ್ಕಿ. ಹೀಗೇ ನಾಲ್ಕು ದಿನ. ಐದನೇ ದಿನ "ಬಂದ್ಯಾ?" ಅಂದರೆ ಉತ್ತರವಿಲ್ಲ. ಆಮೇಲೆ ಎದುರುಬದುರು ಎರಡು ಪುಟ, ಒಂದಕ್ಷರ ಇಲ್ಲ. ಬರೀ ಕೆರೆ, ಎಮ್ಮೆ. ಪುಟ ತಿರುಗಿಸಿದರೆ "ಬಂದೆ." ಮುಗೀತು. ಹುಲಿ ಇಲ್ಲ, ಜಗಳ ಇಲ್ಲ, ಕೊನೆಗೆ ನೀತಿಯೂ ಇಲ್ಲ.

ನನ್ನಂಥವನಿಗೆ ಇದು ಉಪ್ಪುಕಾರ ಇಲ್ಲದ ಸಾರು. ಹಾಗಾಗಿ ಒಗ್ಗರಣೆ ಹಾಕಿದೆ. ಎಮ್ಮೆಗೆ ಮೂಗಿನಲ್ಲಿ ಮಾತಾಡುವ ಒಬ್ಬ ಹೆಡ್‌ಮಾಸ್ಟರ ದನಿ. ಬೆಳ್ಳಕ್ಕಿಗೆ ನಮ್ಮ ಸೋದರತ್ತೆ ದನಿ. ಇನ್ನು ಅಕ್ಷರ ಇಲ್ಲದ ಆ ಎರಡು ಪುಟ ನನಗೆ ಊರ ನಡುವಿನ ಖಾಲಿ ಸೈಟಿನ ಥರ ಕಂಡವು. ಕಟ್ಟದೆ ಬಿಡುತ್ತೇನಾ? ಅಲ್ಲಿಗೆ ಪೂರ್ತಿ ಪ್ರೈವೇಟ್ ಬಸ್ಸು ತಂದು ನುಗ್ಗಿಸಿದೆ. ಮೊದಲು ಉದ್ದದ ಹಾರ್ನು. ಆಮೇಲೆ "ಸಿರಾ ಸಿರಾ ಸಿರಾ, ಯಾರ್ರೀ ಬರಗೂರು, ಒಳಕ್ ನಡೀರಿ ಒಳಕ್ಕೆ" ಅನ್ನುವ ಕಂಡಕ್ಟರು. ಆಮೇಲೆ ಪಂಕ್ಚರು. ಕೊನೆಗೆ ಸೀಟಿನ ಕೆಳಗಿನ ಕೋಳಿ.

ಹುಲಿಕುಂಟೆ ಹೋಬಳಿಯ ಶಾಲೆಯೊಂದರಲ್ಲಿ ಮಕ್ಕಳು ನಕ್ಕು ನಕ್ಕು ಚಾಪೆ ಮೇಲೆ ಉರುಳಿದರು. ಸಾಯಂಕಾಲ ಆರು ಪುಸ್ತಕ ಹರಡಿ ಕೇಳಿದೆ. ಹುಲಿ ಪುಸ್ತಕಕ್ಕೆ ಹದಿನೇಳು ಕೈ. ಎಮ್ಮೆ ಪುಸ್ತಕ ಎತ್ತಿ ಹಿಡಿದರೆ ಯಾರೂ ಅಲ್ಲಾಡಲಿಲ್ಲ. ಮುಂದಿನ ಸಾಲಿನ ಹುಡುಗಿ ಮಾತ್ರ ನನಗೆ ದಾರಿ ತೋರಿಸಿದಳು.

"ಸಾ, ಪುಸ್ತಕ ಬ್ಯಾಡ ಬುಡಿ ಸಾ. ಹಾರ್ನ್ ಹೊಡೀರಿ."

ಹೊಡೆದೆ. ಆಮೇಲೆ ಫಾರಂನಲ್ಲಿ ಸೊನ್ನೆ ಬರೆದು, ಷರಾ ಕಾಲಂನಲ್ಲಿ "ಕಥೆಯಲ್ಲಿ ಏನೂ ನಡೆಯುವುದಿಲ್ಲ, ಮಕ್ಕಳಿಗೆ ಹಿಡಿಸಲಿಲ್ಲ" ಅಂತ ಸೇರಿಸಿದೆ. ಕೊರಟಗೆರೆ ತಾಲ್ಲೂಕಿಗೆ ಹೋಗುವ ಹೊತ್ತಿಗೆ ಆ ವಾಕ್ಯ ನನಗೆ ಬಾಯಿಪಾಠ ಆಗಿತ್ತು.

ಅಲ್ಲೇ ಒಂದು ಶಾಲೆಯಲ್ಲಿ ಸಂಸ್ಥೆಯ ಹಳೇ ಪೆಟ್ಟಿಗೆ ಇತ್ತು. ಹರಿದ ಪುಸ್ತಕಗಳಿಗೆ ಬೆನ್ನಿಗೆ ಬಟ್ಟೆಪಟ್ಟಿ ಅಂಟಿಸಿ ರಿಪೇರಿ ಮಾಡುವುದೂ ನನ್ನ ಕೆಲಸವೇ. ಪೆಟ್ಟಿಗೆಯ ರಾಕ್ಷಸರು, ಹುಲಿಗಳು ಬೆನ್ನು ನೆಟ್ಟಗಿಟ್ಟುಕೊಂಡು ಹೊಸ ಮದುಮಕ್ಕಳ ಹಾಗೆ ಕೂತಿದ್ದರು. ರಟ್ಟು ಕಿತ್ತುಹೋಗಿ, ಪಿನ್ನು ಬಿಟ್ಟು, ಎಣ್ಣೆ ಕೈಯ ಗುರುತು ಹತ್ತಿದ್ದವು ಬೇರೆ ಥರದವು. ಎರಡು ಪ್ರಾಣಿ, ಒಂದು ಮರ, ಒಂದು ಸಂಜೆ, ಅಂಥ ಮೆತ್ತಗಿನ ಸ್ನೇಹದ ಪುಸ್ತಕಗಳು. ನೋಡಿದೆ. ಪುಸ್ತಕಕ್ಕೆ ಗಮ್ ಹಚ್ಚಿದೆ, ತಲೆಗೆ ಮಾತ್ರ ಹಚ್ಚಿಕೊಳ್ಳಲಿಲ್ಲ.

ಒಂಬತ್ತನೇ ಶಾಲೆ ಮುಗಿದ ದಿನ ಮೇಡಂ ಫೋನು.

"ಒಂದ್ನಿಮಿಷ, ಒಂದ್ನಿಮಿಷ. ಫಾರಂ ಎಲ್ಲಾ ನೋಡ್ದೆ. ಎಮ್ಮೆ ಪುಸ್ತಕ ಕೈಬಿಡೋಣ. ಪಾವಗಡಕ್ಕೆ ಐದೇ ತಗೊಂಡ್ಹೋಗು. ಚಿತ್ರ ಬರೆದವರು ನಿಮ್ಮ ಮಧುಗಿರಿಯವರೇ ಅಲ್ವಾ? ಮೂಲ ಚಿತ್ರಗಳನ್ನ ವಾಪಸ್ ಕೊಟ್ಟು, ನೀನೇ ಸಮಾಧಾನವಾಗಿ ಹೇಳಿ ಬಾ."

"ನಾನಾ ಮೇಡಂ?"

"ನಿನ್ನ ಡ್ರಾಯಿಂಗ್ ಟೀಚರ್ ಅಂತ ನೀನೇ ಹೇಳಿದ್ಯಲ್ಲ."

ಹೇಳಿದ್ದೆ, ಜಂಬಕ್ಕೆ. ಡ್ರಾಯಿಂಗ್ ಮಿಸ್ ನನಗೆ ಮಿಡ್ಲ್ ಸ್ಕೂಲಿನಲ್ಲಿ ಪಾಠ ಮಾಡಿದವರು. ಈಗ ರಿಟೈರ್ ಆಗಿದ್ದಾರೆ. ಅಷ್ಟು ವರ್ಷ ಶಾಲೆ ಗೋಡೆಗಳ ಮೇಲೆ ತಾವರೆ, ನವಿಲು, ಕರ್ನಾಟಕದ ನಕ್ಷೆ ಬರೆದರು. ಒಂದರ ಕೆಳಗೂ ಅವರ ಹೆಸರಿಲ್ಲ. ಈ ಎಮ್ಮೆ ಅವರ ಮೊದಲನೇ ಪುಸ್ತಕ. ಪುಸ್ತಕಕ್ಕೆ ಚಿತ್ರ ಬರೆಯುವವರಿಗೆ ಸಂಸ್ಥೆ ನಡೆಸಿದ ಕಾರ್ಯಾಗಾರದಲ್ಲಿ ನನ್ನ ಹತ್ತಿರ "ಒಂದೇ ಒಂದ್ಸಲ ಹೆಸರು ಅಚ್ಚಾಗಿದ್ದು ನೋಡ್ಬೇಕು ಕಣೋ" ಅಂದಿದ್ದರು. ಅವರ ದನಿಯನ್ನೂ ನಾನು ಬಿಟ್ಟಿರಲಿಲ್ಲ. ಏಳನೇ ಕ್ಲಾಸಿನಲ್ಲಿ "ಪೆನ್ಸಿಲ್ ಒತ್ಬೇಡ್ರೋ, ಕಾಗದಕ್ಕೂ ಜೀವ ಐತೆ" ಅಂತ ಅವರ ದನಿಯಲ್ಲಿ ಆಡಿ ಸಿಕ್ಕಿಬಿದ್ದಿದ್ದೆ. ಹೊಡೆಯಲಿಲ್ಲ. ಇಡೀ ಕ್ಲಾಸಿನ ಮುಂದೆ ಇನ್ನೊಮ್ಮೆ ಮಾಡಿಸಿ, ಕೊನೆಗೆ "ನನ್ನ ಕೆಮ್ಮು ಬಿಟ್ಬಿಟ್ಟೆ. ಸರಿಯಾಗಿ ನೋಡು" ಅಂದಿದ್ದರು.

ಬೆಟ್ಟದ ಬುಡದ ಬೀದಿಯಲ್ಲಿ ಮನೆ. ಚಿತ್ರಗಳ ಕಟ್ಟನ್ನು ಬ್ಯಾಗಿನ ತಳಕ್ಕೆ ತುರುಕಿಕೊಂಡು ಹೋದೆ. ಬಾಗಿಲು ತೆಗೆದು "ಓ, ನೀನೇನೋ, ಕಳ್ಳ" ಅಂದರು. ಕಾಫಿ ಬಂತು, ಕೋಡುಬಳೆ ಬಂತು. ನನ್ನ ಬಾಯಿಂದ ವಿಷಯ ಬರಲಿಲ್ಲ. ದಿನಾ ಹತ್ತು ಜನರ ದನಿ ತೆಗೆಯುವವನಿಗೆ ಕೆಟ್ಟ ಸುದ್ದಿ ಹೇಳುವವನ ದನಿ ಮಾತ್ರ ಸಿಗಲಿಲ್ಲ.

"ಶಾಲೇಲಿ ಹೆಂಗೆ ಓದ್ತೀಯೋ, ನನಗೂ ಒಂದ್ಸಲ ಓದೋ" ಅಂದರು.

ಹೊತ್ತು ಕಳೆಯಲಿ ಅಂತ ಡಮ್ಮಿ ತೆಗೆದೆ. ಎದ್ದು ನಿಂತು ಪೂರ್ತಿ ಪ್ರದರ್ಶನ ಕೊಟ್ಟೆ. ಹೆಡ್‌ಮಾಸ್ಟರ ಎಮ್ಮೆಗೆ ಮಿಸ್ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. ಅತ್ತೆಗೂ ನಕ್ಕರು. ಖಾಲಿ ಪುಟ ಬಂತು, ಹಾರ್ನು ಹೊಡೆದೆ, ಕಂಡಕ್ಟರು ಸಿರಾ ಸಿರಾ ಅಂದ.

"ಅಲ್ಲೇ ನಿಲ್ಸು" ಅಂದರು.

ಬಸ್ಸು ನಿಂತಿತು.

"ಹೆಬ್ಬೆಟ್ಟು ತೆಗಿ."

"ಏನ್ ಮಿಸ್?"

"ಪುಸ್ತಕದ ಮೇಲಿಂದ ಹೆಬ್ಬೆಟ್ಟು ತೆಗಿಯೋ. ಈಗ ತಿರುಗಿಸಿ ನೀನೇ ನೋಡು."

ನೋಡಿದೆ. ಬಲಪುಟದ ಕೆಳಮೂಲೆಯಲ್ಲಿ, ಒಂಬತ್ತು ಶಾಲೆಯ ಬೆವರು, ಚಿತ್ರಾನ್ನದ ಎಣ್ಣೆ ಸೇರಿ ಆಗಿದ್ದ ನನ್ನ ಹೆಬ್ಬೆರಳಿನ ಕಪ್ಪು ಗುರುತು. ಅದರ ಅಡಿಯಲ್ಲಿ, ದೂರದ ಕೆರೆ ಏರಿ ಮೇಲೆ, ಒಂದು ಅಕ್ಕಿಕಾಳಿನಷ್ಟು ಬಿಳಿ. ಬೆಳ್ಳಕ್ಕಿ. ಒಂದು ಕಾಲು ಎತ್ತಿ ನಡೆದುಕೊಂಡು ಬರುತ್ತಿತ್ತು.

ಹೇಗೆ ಕಾಣಲಿಲ್ಲ ಅಂತ ನೀವು ಕೇಳಬಹುದು. ಮಕ್ಕಳಿಗೆ ಓದುವವನು ಪುಸ್ತಕವನ್ನು ಅವರ ಕಡೆಗೆ ತಿರುಗಿಸಿ ಹಿಡಿಯುತ್ತಾನೆ. ಮಾತು ಬಾಯಿಪಾಠ, ಚಿತ್ರ ಅವನಿಗೆ ಕಾಣುವುದೇ ಇಲ್ಲ. ಅದಕ್ಕೇ ತರಬೇತಿಯಲ್ಲಿ ಹಿಡಿಯುವ ಕ್ರಮ ಹೇಳಿಕೊಟ್ಟಿದ್ದರು. ನಡುವಿನ ಮಡಿಕೆಗೆ ಕೆಳಗಿಂದ ಕೈ ಕೊಟ್ಟು, ಹೆಬ್ಬೆರಳು ಕಿರುಬೆರಳು ಮುಂದೆ, ಉಳಿದ ಮೂರು ಹಿಂದೆ. ಮೂಲೆ ಹಿಡಿಯಬಾರದು. ಓದುವ ಮುಂಚೆ ಪ್ರತಿ ಪುಟವನ್ನೂ ಒಬ್ಬನೇ ಕೂತು ನೋಡಿರಬೇಕು. ಅದನ್ನು ಹೇಳಿಕೊಡುವಾಗ ನಾನು ಹಿಂದಿನ ಸಾಲಿನಲ್ಲಿ ಕೂತು ಹೇಳಿಕೊಡುವವರ ದನಿ ಅಭ್ಯಾಸ ಮಾಡುತ್ತಿದ್ದೆ. ಸ್ಟೇರಿಂಗು ತಿರುಗಿಸಲು ಬಲಗೈ ಬೇಕಲ್ಲ, ಹಾಗಾಗಿ ಎಡಗೈಲಿ ಮೂಲೆ ಹಿಡಿದು ಎದೆಗೆ ಒರಗಿಸಿಕೊಳ್ಳುತ್ತಿದ್ದೆ. ಆ ಮೂಲೆಯನ್ನೇ. ಒಂಬತ್ತು ಶಾಲೆಯಲ್ಲೂ.

"ಎಮ್ಮೆ ಕಿವಿ ನೋಡು" ಅಂದರು ಮಿಸ್. ಎಮ್ಮೆಯ ಒಂದು ಕಿವಿ ಆ ಮೂಲೆ ಕಡೆಗೆ ತಿರುಗಿತ್ತು. "ಅದಕ್ಕೆ ಕಂಡಿಲ್ಲ, ಕೇಳಿಸೈತೆ ಅಷ್ಟೆ. ಮಕ್ಕಳಿಗೆ ಕಾಣ್ಬೇಕು. ಅದಕ್ಕೇ ಕಣೋ ಅಲ್ಲಿ ಮಾತು ಬೇಡ ಅಂದಿದ್ದು. ಆ ಎತ್ತಿದ ಕಾಲು ಹನ್ನೊಂದು ಸಲ ಬರ್ದೆ."

ನಾನು ಕೋಡುಬಳೆ ತಟ್ಟೆ ನೋಡುತ್ತಾ ಕೂತೆ.

"ಕೆರೆ ಏರಿ ಮೇಲೆ ಸಿರಾ ಬಸ್ ನುಗ್ಗಿಸಿದ್ರೆ ಬೆಳ್ಳಕ್ಕಿ ಇರುತ್ತೇನೋ? ಹಾರಿಹೋಗುತ್ತೆ" ಅಂದು ಮತ್ತೆ ನಕ್ಕರು. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಸಿಟ್ಟಾದ ಮಿಸ್ ದನಿ ನನಗೆ ಬರುತ್ತದೆ.

ಹೇಳಬೇಕಾದ್ದು ಹೇಳದೆಯೇ ಚಪ್ಪಲಿ ಮೆಟ್ಟಿಕೊಂಡೆ. ಬಾಗಿಲವರೆಗೆ ಬಂದವರು ನನ್ನ ಬ್ಯಾಗಿನ ಕಡೆ ನೋಡಿ ಅಂದರು, "ಆ ಗಂಟನ್ನ ಸರಿಯಾಗಿ ಒಳಕ್ಕೆ ತುರುಕ್ಕೊ. ಮಳೆ ಬಂದ್ರೆ ನೆನೆಯುತ್ತೆ."

ಬಸ್‌ಸ್ಟ್ಯಾಂಡ್ ತಲುಪಿದ ಮೇಲೆ ಬ್ಯಾಗ್ ನೋಡಿಕೊಂಡೆ. ಡಮ್ಮಿ ತೆಗೆಯುವಾಗ ಚಿತ್ರಗಳ ಕಟ್ಟೂ ಮೇಲೆ ಬಂದಿತ್ತು. ಜಿಪ್ಪಿನಿಂದ ಹಳದಿ ಬಟ್ಟೆ ಇಣುಕುತ್ತಿತ್ತು. ಚಿತ್ರಗಳನ್ನು ಕೊಡುವಾಗ ತಮ್ಮ ಹಳೇ ಕಾಟನ್ ಸೀರೆ ಹರಿದು ಸುತ್ತಿ ಕಟ್ಟಿದ್ದು ಅವರೇ. ಅಂದರೆ ನಾನು ಯಾಕೆ ಬಂದಿದ್ದೇನೆ ಅಂತ ಗೊತ್ತಾಗಿತ್ತು. ಗೊತ್ತಾಗಿಯೂ ಎರಡನೇ ಲೋಟ ಕಾಫಿ ಕೊಟ್ಟಿದ್ದರು.

ಪಾವಗಡದ ಬಸ್ಸು ಎದುರಿಗೇ ನಿಂತಿತ್ತು. ಹತ್ತಲಿಲ್ಲ. ಮೇಡಂಗೆ ಫೋನು ಮಾಡಿದೆ.

"ಮೇಡಂ, ಒಂಬತ್ತು ಶಾಲೆಯ ನನ್ನ ಫಾರಂ ಲೆಕ್ಕಕ್ಕೆ ತಗೋಬೇಡಿ."

"ಒಂದ್ನಿಮಿಷ. ಸುಳ್ಳು ಬರೆದಿದ್ಯಾ?"

"ಎಣಿಕೆ ಸರಿ ಮೇಡಂ. ಓದಿದ್ದು ತಪ್ಪು. ಬೆಳ್ಳಕ್ಕಿ ನನ್ನ ಹೆಬ್ಬೆಟ್ಟಿನ ಅಡಿ ಇತ್ತು."

"ಒಂದ್ನಿಮಿಷ, ಒಂದ್ನಿಮಿಷ. ಏನಿತ್ತು?"

ಎಲ್ಲಾ ಹೇಳಿದೆ, ಬಸ್ಸು, ಕಂಡಕ್ಟರು, ಕೋಳಿ ಸಮೇತ. ಮೇಡಂ ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಣ್ಣಗೆ ಕೇಳಿದರು, "ಹಾಗಾದ್ರೆ ಹುಲಿಗೆ ಎದ್ದ ಕೈ ಪುಸ್ತಕಕ್ಕಾ, ನಿನ್ನ ಗರ್ಜನೆಗಾ?"

ಇದು ನನಗೆ ಹೊಳೆದಿರಲಿಲ್ಲ. ಒಂದಲ್ಲ, ಆರೂ ಸಾಲು ಕೆಡಿಸಿದ್ದೆ.

"ಸೋಮವಾರ ಪಟ್ಟಿ ಪ್ರೆಸ್‌ಗೆ ಹೋಗುತ್ತೆ" ಅಂದರು. "ಪಾವಗಡದ ಮೂರು ಶಾಲೆಗೂ ಆರೂ ಪುಸ್ತಕ ತಗೊಂಡ್ಹೋಗು. ಮಿಮಿಕ್ರಿ ಇಲ್ಲ. ಮೂರನೇ ಶಾಲೆಗೆ ನಾನೇ ಬರ್ತೀನಿ. ನಿನ್ನ ಕೆಲಸದ ವಿಷಯ ಆಮೇಲೆ ಮಾತಾಡೋಣ."

ಆವತ್ತು ಮನೆಯಲ್ಲೇ ಉಳಿದೆ. ಎರೇಸರಿನಿಂದ ಪುಟದ ಗುರುತು ಮೆಲ್ಲಗೆ ಉಜ್ಜಿದೆ, ಬಿಳಿ ಅಳಿಸಿಹೋಗದ ಹಾಗೆ. ಕನ್ನಡಿ ಮುಂದೆ ನಿಂತು ಹಿಡಿಯುವುದನ್ನು ಅಭ್ಯಾಸ ಮಾಡಿದೆ. ಅದು ಅರ್ಧ ಗಂಟೆಯಲ್ಲಿ ಬಂತು. ಬಾರದ್ದು ದನಿ. ಯಾರದ್ದೂ ಅಲ್ಲದ ದನಿಯಲ್ಲಿ "ಬಂದ್ಯಾ?" ಅಂದೆ. ರೇಷನ್ ಅಂಗಡಿಯಲ್ಲಿ ಹೆಸರು ಕೂಗಿದ ಹಾಗಿತ್ತು. ಅಡುಗೆಮನೆಯಿಂದ ಅಮ್ಮ ಕೇಳಿದಳು, "ಯಾಕ್ಲಾ, ಗಂಟ್ಲು ಕಟ್ಟೈತಾ?"

"ಇಲ್ಲ ಕಣಮ್ಮ. ಇದು ನನ್ನ ದನಿ."

"ಅಯ್ಯೋ. ಕಷಾಯ ಕಾಯಿಸ್ಕೊಡ್ತೀನಿ ಇರು."

ಪಾವಗಡದ ಮೊದಲನೇ ಶಾಲೆ. ಸರಿಯಾಗಿ ಹಿಡಿದೆ, ಸರಿಯಾಗಿ ಓದಿದೆ. ಖಾಲಿ ಪುಟ ಬಂದಾಗ ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸಿದೆ. ತಡೆಯಲಾಗದೆ "ನೋಡಿ, ಅಲ್ಲೈತೆ!" ಅಂತ ನಾನೇ ಬೆರಳಿಟ್ಟು ತೋರಿಸಿಬಿಟ್ಟೆ. ಮಕ್ಕಳು ಮರ್ಯಾದೆಗೆ ನೋಡಿದರು. ಒಂದು ಕೈಯೂ ಏಳಲಿಲ್ಲ.

ಎರಡನೇ ಶಾಲೆಯಲ್ಲಿ ಏಳರವರೆಗೆ ತಡೆದುಕೊಂಡೆ. ಹಿಂದೆ ಕೂತಿದ್ದ ಟೀಚರ್, ಪಾಪ, ನನಗೆ ಮಾತು ಮರೆತುಹೋಗಿದೆ ಅಂದುಕೊಂಡು ನೆರವಿಗೆ ಬಂದರು. "ಏನೇನ್ ಕಾಣ್ತೈತೆ ಹೇಳ್ರೋ?" ಮಕ್ಕಳು ಕೈ ಕಟ್ಟಿಕೊಂಡು ಒಪ್ಪಿಸಿದರು, ಎಮ್ಮೆ, ನೀರು, ಮರ. ಪುಸ್ತಕ ಹೋಗಿ ಪರೀಕ್ಷೆ ಆಯಿತು. ಎರಡು ಕೈ.

ಉಳಿದದ್ದು ಒಂದು ಶಾಲೆ. ಸೋಲಾರ್ ಪ್ಲೇಟುಗಳ ಸಾಲು ದಾಟಿ, ಆಂಧ್ರದ ಗಡಿಗೆ ಅಂಟಿಕೊಂಡ ಊರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮೇಡಂ ನನಗಿಂತ ಮೊದಲೇ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಈ ಸಲ ಎರಡು ಬದಲಾವಣೆ ಮಾಡಿಕೊಂಡಿದ್ದೆ. ಅಕ್ಕಿಕಾಳಿನಷ್ಟು ಚಿಕ್ಕದು ದೂರ ಕೂತವರಿಗೆ ಕಾಣುವುದಿಲ್ಲ, ಹಾಗಾಗಿ ಇಪ್ಪತ್ತೆರಡು ಮಕ್ಕಳನ್ನೂ ಎರಡೇ ಸಾಲಿನ ಅರ್ಧ ವೃತ್ತವಾಗಿ ಹತ್ತಿರ ಕೂರಿಸಿದೆ, ನಾನೂ ನೆಲಕ್ಕೇ ಕೂತೆ. ಆಮೇಲೆ ಅಲ್ಲಿನ ಟೀಚರನ್ನು ಮೊದಲೇ ಬೇಡಿಕೊಂಡೆ, "ನಾನು ಸುಮ್ಮನಾದ್ರೆ ಮರೆತಿಲ್ಲ ಅಂತ ತಿಳ್ಕೊಳ್ಳಿ ಟೀಚರ್. ಏನೂ ಕೇಳ್ಬೇಡಿ."

ಐದು ಪುಸ್ತಕ ಆದವು. ಹುಲಿಯನ್ನು ಗರ್ಜನೆ ಇಲ್ಲದೆ ಓದಿದೆ. ಆರನೆಯದು ತೆಗೆದೆ.

"ಬಂದ್ಯಾ?"

ಪುಟ ತಿರುಗಿಸಿ, ಬಾಯಿ ಮುಚ್ಚಿಕೊಂಡೆ.

ಎಣಿಸಲಿಲ್ಲ. ಎಣಿಸಿದರೆ ಬಸ್ಸು ಬರುತ್ತದೆ ಅಂತ ಗೊತ್ತಿತ್ತು. ಮಕ್ಕಳ ಕಣ್ಣು ನೋಡುತ್ತಾ ಕೂತೆ. ಮೊದಲು ಎಲ್ಲರ ಕಣ್ಣೂ ನನ್ನ ಬಾಯಿ ಮೇಲೆ. ಬಾಯಿಂದ ಏನೂ ಬಾರದಾದಾಗ ಒಂದೊಂದೇ ಜೊತೆ ಕಣ್ಣು ಪುಸ್ತಕಕ್ಕೆ ಇಳಿಯಿತು. ಹೊರಗೆ ಪಕ್ಕದ ಮನೆಯ ಕುಕ್ಕರ್ ಕೂಗಿತು. ಆ ಸೀಟಿ ನನಗೆ ಬಹಳ ಚೆನ್ನಾಗಿ ಬರುತ್ತದೆ. ನಾಲಗೆ ಹಲ್ಲಿಗೆ ಒತ್ತಿ ಹಿಡಿದೆ. ಎರಡನೇ ಸಾಲಿನಲ್ಲಿ ಬೆಳಗ್ಗೆಯಿಂದ ಬಾಯಿ ಬಿಡದ ಒಂದು ಹುಡುಗಿ ಮೊಣಕಾಲಿನ ಮೇಲೆ ಎದ್ದಳು. ಮುಂದಿನವನ ಭುಜ ಹಿಡಿದು ಬಗ್ಗಿದಳು. ಎಮ್ಮೆಯ ಕಿವಿ ನೋಡಿದಳು, ಕಿವಿ ತಿರುಗಿದ್ದ ಕಡೆ ನೋಡಿದಳು.

"ಅದಿಗೋ" ಅಂದಳು, ಉಸಿರಿನಲ್ಲಿ. ಆಮೇಲೆ ಜೋರಾಗಿ, "ಅದಿಗೋ, ಕೊಂಗ!" ಅಗೋ, ಬೆಳ್ಳಕ್ಕಿ.

"ಯಾಡ? ಯಾಡ?" ಅಂತ ಇಪ್ಪತ್ತೊಂದು ಮಕ್ಕಳೂ ಎದ್ದರು. ಎಲ್ಲಿ, ಎಲ್ಲಿ ಅಂತ. ಕಂಡವರು ಕಾಣದವರ ತಲೆ ಹಿಡಿದು ಆ ಕಡೆ ತಿರುಗಿಸಿದರು. ಒಬ್ಬ ಪುಸ್ತಕಕ್ಕೆ ಮೂಗು ತಾಗುವಷ್ಟು ಹತ್ತಿರ ಬಂದು, ನನಗಲ್ಲ, ಎಮ್ಮೆಗೆ ಸಮಾಧಾನ ಹೇಳಿದ. "ವಸ್ತಾ ಉಂದಿ, ಉಂಡು!" ಬರ್ತಾ ಇದೆ, ಇರು.

ಪುಟ ತಿರುಗಿಸಿದೆ. "ಬಂದೆ" ಅನ್ನುವ ಮುಂಚೆ ಇಡೀ ಕೋಣೆ "ಒಚ್ಚಿನಾ!" ಅಂತ ಕೂಗಿತು. ಬೆಳ್ಳಕ್ಕಿಗೆ ನಾನು ಕೊಟ್ಟಿದ್ದ ಅತ್ತೆ ದನಿ ಎಂಥ ಸಪ್ಪೆ ಅಂತ ಆಗ ಗೊತ್ತಾಯಿತು.

ನಿಯಮದ ಪ್ರಕಾರ ಆರನ್ನೂ ಚಾಪೆ ಮೇಲೆ ಹರಡಿದೆ. ಹುಲಿಗೆ ಆರು ಕೈ. ಉಳಿದವಕ್ಕೂ ಒಂದಿಷ್ಟು. ಕೊನೆಗೆ ಎಮ್ಮೆ ಪುಸ್ತಕ ಎತ್ತಿ ತೋರಿಸಬೇಕು ಅಂತ ಕೈ ಚಾಚಿದರೆ ಚಾಪೆ ಮೇಲೆ ಅದು ಇಲ್ಲ.

"ಇದನ್ನ ಮತ್ತೆ ಓದ್ಲಾ? ಕೈ ಎತ್ತಿ" ಅಂದೆ, ಖಾಲಿ ಜಾಗ ತೋರಿಸಿ. ಒಂದು ಕೈಯೂ ಏಳಲಿಲ್ಲ. ನನ್ನ ಕಡೆ ಯಾರೂ ತಿರುಗಲೂ ಇಲ್ಲ.

ಹಿಂದಿನಿಂದ ಮೇಡಂ ಕೇಳಿದರು, "ಎಷ್ಟು?"

"ಸೊನ್ನೆ ಮೇಡಂ."

"ಒಂದ್ನಿಮಿಷ" ಅಂದರು, ಈ ಸಲ ಒಂದೇ ಸಲ. ಎದ್ದು ಬಂದರು.

ಮೂಲೆಯಲ್ಲಿ ಹತ್ತು ಹನ್ನೆರಡು ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದಿದ್ದರು, ಉಳಿದವರು ಸುತ್ತ ನಿಂತು ಇಣುಕುತ್ತಿದ್ದರು. ನಡುವೆ ಆ ಪುಟ ತೆರೆದಿತ್ತು. ಮೊದಲು ಕಂಡುಹಿಡಿದ ಹುಡುಗಿ ಬೆಳ್ಳಕ್ಕಿಯನ್ನು ತನ್ನ ಹೆಬ್ಬೆರಳಿನಿಂದ ಮುಚ್ಚಿ "ಲೇದು" ಅನ್ನುತ್ತಿದ್ದಳು. ಎಲ್ಲರೂ ಉಸಿರು ಬಿಗಿ ಹಿಡಿದಾಗ ಬೆರಳು ಎತ್ತಿ "ಉಂದಿ!" ಅನ್ನುತ್ತಿದ್ದಳು. ಇಲ್ಲ, ಇದೆ. ಆಮೇಲೆ ಪಕ್ಕದವನ ಸರದಿ. ಎಲ್ಲರಿಗೂ ಜಾಗ ಗೊತ್ತು, ಎಲ್ಲರೂ ಪ್ರತಿ ಸಲವೂ ಕಾದರು. ಒಂದು ಪಿನ್ನು ಆಗಲೇ ಕಿತ್ತು ಬಂದಿತ್ತು.

ನನಗೆ ಕೊರಟಗೆರೆಯ ಹಳೇ ಪೆಟ್ಟಿಗೆ ನೆನಪಾಯಿತು. ಹುಲಿ ಬರುತ್ತದೆ ಅಂತ ಗೊತ್ತಾದ ಮೇಲೆ ಹುಲಿಗೆ ಅರ್ಧ ಬಲ ಹೋಗುತ್ತದೆ. ಗೆಳೆಯ ಬರುತ್ತಾನೆ ಅಂತ ಗೊತ್ತಿದ್ದರೆ ಕಾಯುವುದಕ್ಕೆ ಇನ್ನಷ್ಟು ಹಿತ. ಆ ಮೆತ್ತಗಿನ ಪುಸ್ತಕಗಳ ಬೆನ್ನು ಮುರಿದದ್ದು ಹಾಗೆ ಇರಬೇಕು. ಇಷ್ಟೇ ನನಗೆ ತಿಳಿದದ್ದು. ಇದಕ್ಕಿಂತ ದೊಡ್ಡದು ಹೇಳಹೊರಟರೆ ಮತ್ತೆ ಯಾರದ್ದೋ ದನಿ ಬಂದುಬಿಡುತ್ತದೆ.

"ಸೊನ್ನೆ ಬರೀಬೇಡ" ಅಂದರು ಮೇಡಂ.

"ಮತ್ತೇನ್ ಬರೀಲಿ ಮೇಡಂ? ಯಾರೂ ಕೈ ಎತ್ತಲಿಲ್ಲ."

"ಕೈ ಖಾಲಿ ಇರ್ಲಿಲ್ಲ ಅಂತ ಬರಿ."

ಹಾಗೇ ಬರೆದೆ.

ಸೋಮವಾರದ ಪಟ್ಟಿಯಲ್ಲಿ ಎಮ್ಮೆ ಪುಸ್ತಕ ನಾಲ್ಕನೆಯದು. ಹುಲಿಯೂ ಇತ್ತು, ಅದರ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ. ನನ್ನ ಕೆಲಸವೂ ಉಳಿಯಿತು, ಒಂದು ಷರತ್ತಿನ ಮೇಲೆ. ಒಂಬತ್ತೂ ಶಾಲೆಗೆ ಮತ್ತೆ ಹೋಗಿ, ಆರೂ ಪುಸ್ತಕ ನೆಟ್ಟಗೆ ಓದಿ, ಹೊಸ ಫಾರಂ ತುಂಬಿ ತರಬೇಕು. ಹುಲಿಕುಂಟೆ ಕಡೆಯ ಆ ಹುಡುಗಿ ಗೇಟಿನಲ್ಲೇ ಹಿಡಿದಳು.

"ಸಾ, ಹಾರ್ನು?"

"ಕೆಟ್ಟೋಗೈತೆ ಕಣಮ್ಮ."

"ರಿಪೇರಿ ಮಾಡ್ಸಿ ಸಾ" ಅಂದಳು, ಬಹಳ ಬೇಜಾರಿನಿಂದ. ಸಾಯಂಕಾಲ ಎಮ್ಮೆ ಪುಸ್ತಕಕ್ಕೆ ಅವಳದ್ದೂ ಒಂದು ಕೈ ಎದ್ದಿತು. ಹೊರಡುವಾಗ ಗೇಟಿನ ಆಚೆ ನಿಂತು ಒಂದೇ ಒಂದು ಹಾರ್ನು ಹೊಡೆದೆ. ಅದನ್ನು ಫಾರಂನಲ್ಲಿ ಬರೆದಿಲ್ಲ.

ಅಚ್ಚಾದ ಪ್ರತಿಗಳು ಬಂದ ದಿನ, ಹತ್ತು ಪುಸ್ತಕ, ಹಳದಿ ಸೀರೆಯ ಗಂಟು ಎರಡನ್ನೂ ಹಿಡಿದು ಮಧುಗಿರಿ ಬೆಟ್ಟದ ಬುಡದ ಬೀದಿಗೆ ಹೋದೆ. ಈ ಸಲ ಗಂಟು ಬ್ಯಾಗಿನಲ್ಲಿರಲಿಲ್ಲ, ಕೈಯಲ್ಲೇ ಇತ್ತು. ಅದರ ಮೇಲೆ ಪುಸ್ತಕ, ರಟ್ಟಿನ ಕೆಳಗಡೆ ಮಿಸ್ ಹೆಸರು. ಹೆಸರಿನ ಮೇಲೆ ಬೆರಳು ಬೀಳದ ಹಾಗೆ ಹಿಡಿದಿದ್ದೆ.

ಬಾಗಿಲು ತಟ್ಟಬೇಕಾಗಲಿಲ್ಲ. ಹೊಸಿಲಲ್ಲೇ ನಿಂತಿದ್ದರು.

"ಬಂದ್ಯಾ?" ಅಂದರು.

ಬಸ್ಸಿನಲ್ಲಿ ಬರುವಾಗ ಐದಾರು ದನಿ ಸಿದ್ಧ ಮಾಡಿಕೊಂಡಿದ್ದೆ. ಹೆಡ್‌ಮಾಸ್ಟರು, ಮೇಡಂ, ಕಂಡಕ್ಟರು, ಕೆಮ್ಮು ಸಮೇತ ಏಳನೇ ಕ್ಲಾಸಿನ ಡ್ರಾಯಿಂಗ್ ಮಿಸ್. ಒಂದೂ ಹೊರಗೆ ಬರಲಿಲ್ಲ.

"ಬಂದೆ ಮಿಸ್" ಅಂದೆ.